‘ಇಂಡಿಯನ್’ ಎಂಬ ಹಲಗೆಯ ಹಿಂದೆ

ಕನ್ನಡದಲ್ಲಿ ‘ಕರಿ’ ಎಂದರೆ ಕಪ್ಪು. ಹಳೆಯ ಕಾವ್ಯಗಳಲ್ಲಿ ಆನೆ. ಅಡುಗೆಮನೆಯಲ್ಲಾದರೆ ಹಪ್ಪಳ ಸಂಡಿಗೆಗಳನ್ನು ಕಾದ ಎಣ್ಣೆಗೆ ಬಿಟ್ಟು ತೆಗೆಯುವ ಕೆಲಸ. ಬ್ರಿಟನ್ನಿಗೆ ಬಂದು ನೆಲಸಿದ ನಮಗೆ ಈ ಪದದ ನಾಲ್ಕನೆಯ ಅರ್ಥವೊಂದು ಎದುರಾಯಿತು. ಇಲ್ಲಿಯವರ ಬಾಯಲ್ಲಿ ‘ಕರಿ’ ಎಂದರೆ ನಮ್ಮ ಉಪಖಂಡದವರು ಅನ್ನದೊಡನೆ ಕಲಸಿ ಉಣ್ಣುವ ಸಮಸ್ತವೂ ಹೌದು. ಹುಳಿ, ಸಾರು, ತೊವ್ವೆ, ಗೊಜ್ಜು, ಬಸ್ಸಾರು, ಮಸ್ಸೊಪ್ಪು, ಮಜ್ಜಿಗೆಹುಳಿ, ಎಣ್ಣೆಗಾಯಿ, ಎಲ್ಲವೂ ಆ ಒಂದೇ ಚೀಲದೊಳಗೆ. ತಮಿಳಿನಿಂದ ಬಂತೆಂದು ಸಾಮಾನ್ಯವಾಗಿ ಹೇಳಲಾಗುವ ಈ ಪದವು 1747ರಲ್ಲಿಯೇ ಹ್ಯಾನಾ ಗ್ಲಾಸ್ ಎಂಬಾಕೆಯ ಇಂಗ್ಲಿಷ್ ಪಾಕಪುಸ್ತಕವನ್ನು ಹೊಕ್ಕಿತ್ತು. ನಾನು ಈ ನೆಲದ ಮೇಲೆ ಕಾಲಿಟ್ಟದ್ದು 1997ರಲ್ಲಿ. ಅಂದರೆ ನಾನು ಬರುವುದಕ್ಕೆ ಸರಿಯಾಗಿ ಇನ್ನೂರೈವತ್ತು ವರ್ಷಗಳ ಮೊದಲೇ ನನ್ನ ತಟ್ಟೆಯ ಊಟಕ್ಕೆ ಇಲ್ಲಿ ನಾಮಕರಣವಾಗಿಹೋಗಿತ್ತು.

ಒಂದು ಹೆಸರು ಕೊಡುವ ಭರವಸೆಗೂ ಆ ಹೆಸರಿನ ಹಿಂದಿರುವ ವಸ್ತುವಿಗೂ ನಡುವೆ ಎಷ್ಟು ದೂರವಿರಬಹುದೆಂಬುದನ್ನು ನನಗೆ ಕಲಿಸಿದ್ದು ಇಲ್ಲಿಯ ಒಂದು ‘ಇಂಡಿಯನ್’ ರೆಸ್ಟೋರೆಂಟಿನಲ್ಲಿ ನಾನು ಮಾಡಿದ ಮೊದಲ ಊಟ. ಅದು ನಿರಾಶೆಯಲ್ಲಿ ಮುಗಿದ ಊಟ. ಈ ಬರಹವನ್ನು ಓದುತ್ತಿರುವ ಅನೇಕರಿಗೆ ಅಂಥದೊಂದು ಊಟದ ನೆನಪು ಇದ್ದೇ ಇರುತ್ತದೆ. ಆ ನಿರಾಶೆಯ ಮೂಲವನ್ನು ಹುಡುಕುತ್ತ ಹೋದಂತೆ ನನಗೆ ಸಿಕ್ಕ ಕೆಲವು ಸಂಗತಿಗಳನ್ನು ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಆಗ ನಾನು ಉತ್ತರ ಇಂಗ್ಲೆಂಡಿನ ಸಣ್ಣ ಪಟ್ಟಣವೊಂದರ ಆಸ್ಪತ್ರೆಯಲ್ಲಿ ಕಿರಿಯ ವೈದ್ಯ. ತುಮಕೂರು ಜಿಲ್ಲೆಯ ಹಳ್ಳಿಯಿಂದ ಬಂದವನಿಗೆ ಆ ಊರಿನಲ್ಲಿ ಕನ್ನಡದ ಮನೆಯೊಂದೂ ಗೊತ್ತಿರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬೇಯಿಸಿದ ಬಟಾಣಿ, ಬೇಯಿಸಿದ ಆಲೂಗಡ್ಡೆ, ಡಬ್ಬಿಯ ಬೀನ್ಸು. ವಸತಿಗೃಹದ ಅಡುಗೆಮನೆ ಆರು ಮಂದಿಗೆ ಒಂದೇ. ಅದರ ಚಾವಣಿಯಲ್ಲಿ ಒಂದು ಸ್ಮೋಕ್ ಅಲಾರಂ. ಒಗ್ಗರಣೆ ಹಾಕಕೂಡದೆಂದು ಗೋಡೆಯ ಮೇಲೆ ಯಾರೂ ಬರೆದಿರಲಿಲ್ಲವಾದರೂ ಸಾಸಿವೆ ಸಿಡಿದೊಡನೆ ಇಡೀ ಕಟ್ಟಡವೇ ಖಾಲಿಯಾಗಿ ಬೀದಿಯಲ್ಲಿ ನಿಲ್ಲಬೇಕಾದೀತೆಂಬ ಎಚ್ಚರಿಕೆಯನ್ನು ಹಿರಿಯ ಸಹೋದ್ಯೋಗಿಗಳು ಬಾಯಿಮಾತಿನಲ್ಲಿ ಕೊಟ್ಟಿದ್ದರು. ಹೀಗೆ ಆರು ವಾರಗಳ ಕಾಲ ಒಗ್ಗರಣೆಯ ಸದ್ದು, ವಾಸನೆಗಳಿಲ್ಲದೆ ಕಳೆದೆ. ಹಸಿವೆಯೆಂದರೆ ಹೊಟ್ಟೆಯದೊಂದೇ ಅಲ್ಲ, ಮೂಗಿಗೂ ಕಿವಿಗೂ ಹಸಿವೆಯಿದೆ ಎಂದು ಆ ದಿನಗಳಲ್ಲಿ ತಿಳಿಯಿತು.

ರೈಲು ನಿಲ್ದಾಣದಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ಹಲಗೆಯಿತ್ತು. ಕೆಂಪು ದೀಪದ ಬೆಳಕಿನಲ್ಲಿ ‘ಇಂಡಿಯನ್’ ಎಂಬ ಅಕ್ಷರಗಳು. ಮೊದಲ ಸಂಬಳ ಕೈಗೆ ಬಂದ ವಾರದ ಶುಕ್ರವಾರ ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಂಭ್ರಮದ ಕಾರ್ಯಕ್ಕೆ ಹೊರಟವನಂತೆ ಅಲ್ಲಿಗೆ ಹೋದೆ.

ಒಳಗೆ ದ್ರಾಕ್ಷಿಬಣ್ಣದ ಗೋಡೆಕಾಗದ, ಮಂದ ಬೆಳಕು, ಸಿತಾರಿನಲ್ಲಿ ನುಡಿಸಿದ ಹಿಂದಿ ಚಿತ್ರಗೀತೆ. ಮೊದಲು ಬಂದದ್ದು ಹಪ್ಪಳ. ಊಟದ ಕೊನೆಗೆ ಮಜ್ಜಿಗೆ ಅನ್ನದೊಡನೆ ಮುರಿಯಬೇಕಾದ ಹಪ್ಪಳ ಇಲ್ಲಿ ಊಟದ ಮೊದಲಿಗೆ, ನಾಲ್ಕು ಬಟ್ಟಲುಗಳ ತಟ್ಟೆಯೊಡನೆ ಬಂದಿತು. ಅವುಗಳಲ್ಲಿ ಬೆಲ್ಲದ ಪಾಕದಂಥ ಮಾವಿನ ಚಟ್ನಿ, ಹೆಚ್ಚಿದ ಈರುಳ್ಳಿ, ನಿಂಬೆಯ ಉಪ್ಪಿನಕಾಯಿ, ಪುದೀನ ಬೆರೆಸಿದ ಮೊಸರು. ಬಳಿಕ ಕೈಗೆ ಬಂದ ಮೆನು ಪುಸ್ತಕ ಮಗ್ಗಿಯ ಪುಸ್ತಕದಂತಿತ್ತು. ಮೇಲೆ ಅಡ್ಡಸಾಲಿನಲ್ಲಿ ಕೋಳಿ, ಕುರಿ, ಸೀಗಡಿ, ತರಕಾರಿ. ಎಡಗಡೆ ಉದ್ದಸಾಲಿನಲ್ಲಿ ಕೋರ್ಮಾ, ಭೂನಾ, ಧನ್ಸಾಕ್, ಮದ್ರಾಸ್, ವಿಂದಾಲೂ. ಯಾವುದನ್ನು ಯಾವುದರಿಂದ ಗುಣಿಸಿದರೂ ಒಂದು ಭಕ್ಷ್ಯ ಸಿದ್ಧ. ನಾನು ‘ಮದ್ರಾಸ್’ ಕೋಳಿಯನ್ನು ಆರಿಸಿದೆ. ತುಮಕೂರಿನವನಿಗೆ ಮದ್ರಾಸೆಂದರೆ ಒಂದು ರಾತ್ರಿಯ ಪ್ರಯಾಣದ ದೂರ. ಅಲ್ಲಿಯ ಕೊಬ್ಬರಿ, ಕರಿಬೇವು, ಮೆಣಸುಗಳು ನಮ್ಮವೇ. ಜೊತೆಗೆ ಬೇಳೆಯದೊಂದು, ಸೊಪ್ಪು ಆಲೂಗಡ್ಡೆಯದೊಂದು, ಅನ್ನ.

ಅನ್ನದಲ್ಲಿ ಅಲ್ಲಲ್ಲಿ ಕೆಂಪು ಹಳದಿ ಬಣ್ಣದ ಅಗುಳುಗಳಿದ್ದವು. ‘ಮದ್ರಾಸ್’ ಎಂಬುದರಲ್ಲಿ ಟೊಮೆಟೊ ಇತ್ತು, ಅಚ್ಚಖಾರದ ಪುಡಿ ಧಾರಾಳವಾಗಿತ್ತು. ಕಾಯಿ ಇರಲಿಲ್ಲ, ಕರಿಬೇವಿರಲಿಲ್ಲ, ಹುಣಿಸೆಯಿರಲಿಲ್ಲ, ಸಾಸಿವೆಯ ಒಂದು ಕಾಳೂ ಇರಲಿಲ್ಲ. ಸೊಪ್ಪಿನ ಬಟ್ಟಲನ್ನು ನೋಡಿದೆ. ಸೊಪ್ಪನ್ನು ಪಕ್ಕಕ್ಕೆ ಸರಿಸಿದರೆ ಕೆಳಗೆ ಕೋಳಿಯ ಬಟ್ಟಲಿನಲ್ಲಿದ್ದ ಅದೇ ಈರುಳ್ಳಿಯ ಗಸಿ. ಕೆಟ್ಟ ಊಟವೆಂದು ಅದನ್ನು ಹಳಿಯಲಾರೆ. ಪಕ್ಕದ ಮೇಜಿನಲ್ಲಿ ನಾಲ್ವರು ಇಂಗ್ಲಿಷ್ ಗೆಳೆಯರು ಅದನ್ನೇ ಬೆವರೊರೆಸಿಕೊಳ್ಳುತ್ತ, ನಗುತ್ತ, ಬಿಯರಿನೊಡನೆ ಆನಂದದಿಂದ ಉಣ್ಣುತ್ತಿದ್ದರು. ಅವರಿಗೆ ಅದು ಮನೆಯ ಊಟದಷ್ಟೇ ಪರಿಚಿತವೆಂದು ತೋರುತ್ತಿತ್ತು. ಆ ಕೋಣೆಯಲ್ಲಿ ಆ ಊಟ ಯಾರಿಗಾದರೂ ಪರಕೀಯವಾಗಿದ್ದರೆ ಅದು ಭಾರತದಿಂದ ಬಂದಿದ್ದ ನನಗೆ ಮಾತ್ರ. ಆರು ವಾರ ಕ್ಯಾಂಟೀನಿನಲ್ಲಿ ಬೀನ್ಸು ತಿನ್ನುವಾಗ ಬಾರದಿದ್ದ ದುಃಖ ಆ ಕ್ಷಣದಲ್ಲಿ ಗಂಟಲಿಗೆ ಬಂದಿತು. ಬೀನ್ಸು ನನಗೆ ಏನನ್ನೂ ಮಾತು ಕೊಟ್ಟಿರಲಿಲ್ಲವಲ್ಲ.

ಬಡಿಸಿದವರು ಮೂವತ್ತೈದರ ಆಸುಪಾಸಿನವರು. ಅರ್ಧ ಉಳಿದಿದ್ದ ಬಟ್ಟಲುಗಳನ್ನು ಎತ್ತುವಾಗ ಹಿಂದಿಯಲ್ಲಿ ಕೇಳಿದರು: “ಊಟ ಸರಿಹೋಗಲಿಲ್ಲವೇ, ಡಾಕ್ಟರ್ ಸಾಬ್?” ಹೊಟ್ಟೆ ತುಂಬಿದೆಯೆಂದೆ. ಅವರು ನಂಬಲಿಲ್ಲ. ಯಾವ ಊರೆಂದು ಕೇಳಿದರು, ಬೆಂಗಳೂರಿನ ಬಳಿಯೆಂದೆ. ತಮ್ಮದು ಸಿಲ್ಹೆಟ್, ಬಾಂಗ್ಲಾದೇಶ ಎಂದರು. ಆಮೇಲೆ ದನಿ ತಗ್ಗಿಸಿ, ಗುಟ್ಟೊಂದನ್ನು ಬಿಟ್ಟುಕೊಡುವವರಂತೆ, “ನಾವೂ ಇದನ್ನು ಉಣ್ಣುವುದಿಲ್ಲ ಸಾಬ್. ಇದು ಅವರಿಗೆ” ಎಂದು ಪಕ್ಕದ ಮೇಜಿನ ಕಡೆಗೆ ಕಣ್ಣು ಹೊರಳಿಸಿದರು.

ಬಿಲ್ಲು ಹನ್ನೊಂದು ಪೌಂಡು. ಆಗಿನ ಲೆಕ್ಕದಲ್ಲಿ ಆರುನೂರಕ್ಕೂ ಹೆಚ್ಚು ರೂಪಾಯಿ. ಆದರೆ ಹಿಂದಿರುಗುವ ದಾರಿಯಲ್ಲಿ ನನ್ನನ್ನು ಕಾಡಿದ್ದು ಹಣವಲ್ಲ, ಆ ಮಾತು. ಅಡುಗೆ ಮಾಡುವವನೂ ಉಣ್ಣದ, ಆತನ ಊರಿನದೂ ಅಲ್ಲದ, ನನ್ನ ಊರಿನದೂ ಅಲ್ಲದ ಈ ಊಟ ಹಾಗಾದರೆ ಯಾರದು?

ಆ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ಬ್ರಿಟನ್ನಿನಲ್ಲಿ ಭಾರತೀಯನೊಬ್ಬ ತೆರೆದ ಮೊದಲ ಭೋಜನಶಾಲೆಯೆಂದು ಖ್ಯಾತವಾದುದು ಪಟ್ನಾದಲ್ಲಿ ಹುಟ್ಟಿದ ಸೇಕ್ ದೀನ್ ಮಹಮದ್ 1810ರಲ್ಲಿ ಲಂಡನ್ನಿನ ಪೋರ್ಟ್‌ಮನ್ ಚೌಕದ ಬಳಿ ಆರಂಭಿಸಿದ ಹಿಂದೂಸ್ತಾನಿ ಕಾಫಿಮನೆ. ಭಾರತದಲ್ಲಿ ನೌಕರಿ ಮಾಡಿ ಮರಳಿದ ಕಂಪನಿಯ ಸಾಹೇಬರಿಗೆ ಅಲ್ಲಿ ಮಸಾಲೆಯ ಊಟವೂ ಹುಕ್ಕಾವೂ ಸಿಗುತ್ತಿದ್ದವು. ಎರಡೇ ವರ್ಷಗಳಲ್ಲಿ, 1812ರಲ್ಲಿ, ಆತ ದಿವಾಳಿಯಾದ. ಇಂದಿಗೂ ಹೆಸರುವಾಸಿಯಾದ ವೀರಾಸ್ವಾಮಿ ರೆಸ್ಟೋರೆಂಟನ್ನು ಎಡ್ವರ್ಡ್ ಪಾಮರ್ ರೀಜೆಂಟ್ ಬೀದಿಯಲ್ಲಿ ತೆರೆದದ್ದು 1926ರಲ್ಲಿ. ಆದರೆ ಊರೂರಿನಲ್ಲಿ ಕಾಣುವ ಕರಿ ಹೌಸುಗಳ ವಂಶವೃಕ್ಷ ಬೇರೆ. ಅದರ ಬೇರು ಹಡಗುಗಳ ತಳದಲ್ಲಿ, ಉಗಿಯಂತ್ರಗಳಿಗೆ ಕಲ್ಲಿದ್ದಲು ತುಂಬುತ್ತಿದ್ದ ಬೆಂಕಿಯ ಕೋಣೆಗಳಲ್ಲಿದೆ. ಆ ಕೆಲಸಕ್ಕೆ ಸೇರಿದವರಲ್ಲಿ ಸಿಲ್ಹೆಟ್ ಸೀಮೆಯವರು ಬಹಳ ಮಂದಿ. ಲಂಡನ್ನಿನ ಬಂದರಿನಲ್ಲಿ ಹಡಗು ಬಿಟ್ಟು ಊರೊಳಗೆ ಸೇರಿಕೊಂಡವರು ಹೋಟೆಲುಗಳಲ್ಲಿ ಪಾತ್ರೆ ತೊಳೆದರು, ಈರುಳ್ಳಿ ಹೆಚ್ಚಿದರು, ಬರುಬರುತ್ತ ತಮ್ಮವೇ ಸಣ್ಣ ಹೋಟೆಲುಗಳನ್ನು ತೆರೆದರು. ಅಣ್ಣ ತಮ್ಮನನ್ನು ಕರೆಸಿಕೊಂಡ, ಮಾವ ಅಳಿಯನನ್ನು ಕರೆಸಿಕೊಂಡ. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ನಿನ ‘ಇಂಡಿಯನ್’ ರೆಸ್ಟೋರೆಂಟುಗಳ ಬಹುಪಾಲು ಸಿಲ್ಹೆಟಿಗಳ ಕೈಯಲ್ಲಿದ್ದವು.

ಈ ನಡುವೆ ಅವರ ಊರಿನ ವಿಳಾಸ ಎರಡು ಸಲ ಬದಲಾಯಿತು. ಬ್ರಿಟಿಷ್ ಇಂಡಿಯಾದಲ್ಲಿ ಸಿಲ್ಹೆಟ್ ಅಸ್ಸಾಂ ಪ್ರಾಂತ್ಯದ ಒಂದು ಜಿಲ್ಲೆ. 1947ರ ಜನಮತ ಸಂಗ್ರಹದ ಬಳಿಕ ಅದರ ಬಹುಭಾಗ ಪೂರ್ವ ಪಾಕಿಸ್ತಾನಕ್ಕೆ ಸೇರಿತು. 1971ರಲ್ಲಿ ಅದು ಬಾಂಗ್ಲಾದೇಶವಾಯಿತು. ಹೋಟೆಲಿನ ಹಲಗೆಯ ಮೇಲಿನ ‘ಇಂಡಿಯನ್’ ಮಾತ್ರ ಹಾಗೆಯೇ ಉಳಿಯಿತು, ಏಕೆಂದರೆ ಗಿರಾಕಿಗೆ ಗೊತ್ತಿದ್ದ ಹೆಸರು ಅದೊಂದೇ.

ಭಕ್ಷ್ಯಗಳ ಹೆಸರುಗಳಿಗೂ ಇಂಥದೇ ಪ್ರವಾಸದ ಕಥೆಯಿದೆ. ವಿಂದಾಲೂ ಎಂಬುದು ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಗಳಲ್ಲಿ ಮಾಂಸವನ್ನು ನೆನೆಹಾಕುವ ಪೋರ್ಚುಗೀಸರ ಅಡುಗೆಯ ಹೆಸರು ಗೋವೆಯಲ್ಲಿ ತಳೆದ ರೂಪ. ಅದರ ಕೊನೆಯ ‘ಆಲೂ’ವನ್ನು ಆಲೂಗಡ್ಡೆಯೆಂದು ಬಗೆದು ಇಲ್ಲಿ ಅದಕ್ಕೆ ಆಲೂಗಡ್ಡೆ ಸೇರಿಸುವುದೂ ಉಂಟು. ಮಲ್ಲಿಗಟಾನಿ ಎಂಬ ಸೂಪು ತಮಿಳರ ಮಿಳಗು ತಣ್ಣೀರು, ಅಂದರೆ ನಮ್ಮ ಮೆಣಸಿನ ಸಾರಿನ ಸೋದರಿ. ಈಗ ಅದರಲ್ಲಿ ಸೇಬಿನ ಹೋಳುಗಳೂ ತೇಲುತ್ತವೆ. ‘ಮದ್ರಾಸ್’ ಎಂಬುದಂತೂ ಊರಿನ ಹೆಸರಾಗಿ ಉಳಿಯಲೇ ಇಲ್ಲ. ಕೋರ್ಮಾ ಎಂದರೆ ಖಾರವಿಲ್ಲ, ಮದ್ರಾಸ್ ಎಂದರೆ ಖಾರ, ವಿಂದಾಲೂ ಎಂದರೆ ಇನ್ನೂ ಖಾರ. ಅವು ಖಾರದ ಅಳತೆಗೋಲಿನ ಗೆರೆಗಳು, ಅಷ್ಟೇ. ಅಡುಗೆಮನೆಯಲ್ಲಿ ಬೆಳಗ್ಗೆಯೇ ದೊಡ್ಡ ಹಂಡೆಯಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಟೊಮೆಟೊಗಳನ್ನು ಬೇಯಿಸಿ ನುಣ್ಣಗೆ ರುಬ್ಬಿಡುತ್ತಾರೆ. ಮಾಂಸವನ್ನೂ ಬೇಯಿಸಿಟ್ಟಿರುತ್ತಾರೆ. ಗಿರಾಕಿ ಕೇಳಿದಾಗ ಬಾಣಲೆಗೆ ಒಂದು ಸೌಟು ಆ ಗಸಿ, ಮೇಲೆ ಬೇಕಾದಷ್ಟು ಖಾರದ ಪುಡಿ, ಕೋರ್ಮಾಕ್ಕಾದರೆ ಕೆನೆ. ಹತ್ತು ನಿಮಿಷದೊಳಗೆ ಮೇಜಿನ ಮೇಲೆ. ಪಬ್ಬುಗಳು ಮುಚ್ಚಿದ ಮೇಲೆ ಒಟ್ಟಿಗೇ ನುಗ್ಗುವ ನಲವತ್ತು ಮಂದಿಗೆ ನಾಲ್ಕೈದು ಜನ ಬಡಿಸಿ ಮುಗಿಸಲು ಇದಕ್ಕಿಂತ ಜಾಣ ಉಪಾಯವಿಲ್ಲ. ನನ್ನ ಮೂರು ಬಟ್ಟಲುಗಳಿಗೂ ಒಂದೇ ತಳವಿದ್ದುದರ ಗುಟ್ಟು ಇದು.

2001ರಲ್ಲಿ ವಿದೇಶಾಂಗ ಸಚಿವರಾಗಿದ್ದ ರಾಬಿನ್ ಕುಕ್ ತಮ್ಮ ಭಾಷಣವೊಂದರಲ್ಲಿ ಚಿಕನ್ ಟಿಕ್ಕಾ ಮಸಾಲಾವನ್ನು ಬ್ರಿಟನ್ನಿನ ರಾಷ್ಟ್ರೀಯ ಭಕ್ಷ್ಯವೆಂದು ಕರೆದರು. ಅದನ್ನು ಕೇಳಿ ಹಲವರು ನಕ್ಕರು. ನನಗಾದರೋ ಆ ಮಾತು ಯಥಾರ್ಥವೆನಿಸಿತು. ಸಿಲ್ಹೆಟಿಗಳು ಇಂಗ್ಲಿಷರ ನಾಲಗೆಗಾಗಿ, ಇಂಗ್ಲೆಂಡಿನ ಚಳಿಯಲ್ಲಿ, ಇಂಗ್ಲೆಂಡಿನ ತರಕಾರಿಗಳಿಂದ ಕಟ್ಟಿದ ಅಡುಗೆ ಅದು. ಬ್ರಿಟಿಷ್ ಅಡುಗೆಯೆಂದು ಎದುರಿಟ್ಟಿದ್ದರೆ ನಾನು ಕುತೂಹಲದಿಂದ ಉಂಡು, ತೃಪ್ತನಾಗಿಯೇ ಎದ್ದು ಬರುತ್ತಿದ್ದೆನೋ ಏನೋ. ನಿರಾಶೆ ಹುಟ್ಟಿದ್ದು ರುಚಿಯಿಂದಲ್ಲ, ಹೆಸರಿನಿಂದ.

ಆ ಚಳಿಗಾಲದಲ್ಲಿ ಒಂದು ರಾತ್ರಿ ಹನ್ನೊಂದೂವರೆಯ ವೇಳೆಗೆ ಪಾಳಿ ಮುಗಿಸಿ ಅದೇ ಬೀದಿಯಲ್ಲಿ ನಡೆದು ಬರುತ್ತಿದ್ದೆ. ಹೋಟೆಲಿನವರು ಕುರ್ಚಿಗಳನ್ನು ಮೇಜಿನ ಮೇಲೆ ಏರಿಸುತ್ತಿದ್ದರು. ಗಾಜಿನೊಳಗಿಂದ ನನ್ನನ್ನು ಗುರುತಿಸಿದ ಆ ಬಡಿಸುವವರು ಬಾಗಿಲು ತೆರೆದು, “ಊಟವಾಯಿತೇ ಡಾಕ್ಟರ್ ಸಾಬ್? ಬನ್ನಿ, ಇವತ್ತು ನಮ್ಮ ಊಟ ಮಾಡಿ” ಎಂದರು. ಅಡುಗೆಮನೆಯ ಹಿಂಬದಿಯಲ್ಲಿ ಪತ್ರಿಕೆ ಹಾಸಿದ ಮೇಜು. ಅದರ ಮೇಲೆ ಬಿಳಿಯ ಅನ್ನದ ಪಾತ್ರೆ, ಸಾಸಿವೆ ಎಣ್ಣೆಯ ವಾಸನೆ ಸೂಸುವ ಮೀನಿನ ತೆಳು ಸಾರು, ಹಸಿಮೆಣಸಿನಕಾಯಿ, ನೀರಾಗಿ ಮಾಡಿದ ಹಳದಿ ಬೇಳೆ. ಮತ್ತೊಂದು ಬಟ್ಟಲಿನಲ್ಲಿ ಶಾತ್ಕೊರಾ ಎಂಬ, ಹೇರಳೆಯ ಜಾತಿಯ, ಕಹಿಮಿಶ್ರಿತ ಹುಳಿಯ ಹಣ್ಣಿನ ಸಿಪ್ಪೆ ಹಾಕಿದ ಮಾಂಸ. ಅದು ಸಿಲ್ಹೆಟಿನ ಹೆಮ್ಮೆಯ ಹಣ್ಣೆಂದು ಅಡುಗೆಯವರು ವಿವರಿಸಿದರು. ಅನ್ನ ಬಡಿಸಿಯಾದ ಮೇಲೆ ಒಬ್ಬರು ಸಣ್ಣ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳನ್ನು ಕೆಂಪಾಗಿಸಿ ಬೇಳೆಯ ಮೇಲೆ ಸುರಿದರು. ಚುಂಯ್ ಎಂದಿತು.

ಆ ಸದ್ದನ್ನು ನಾನು ಮೂರು ತಿಂಗಳಿನಿಂದ ಕೇಳಿರಲಿಲ್ಲ. ಸಾಸಿವೆಯಿರಲಿಲ್ಲ, ಕರಿಬೇವಿರಲಿಲ್ಲ, ಇಂಗು ಇರಲಿಲ್ಲ. ನಮ್ಮೂರಿನ ಸಾರೂ ಅದಾಗಿರಲಿಲ್ಲ. ಆದರೂ ಅದು ಯಾವುದೋ ಒಂದು ಮನೆಯ ಊಟವಾಗಿತ್ತು. ಯಾರದೋ ತಾಯಿ ಕೈಯಳತೆಯಲ್ಲಿ ಕಲಿಸಿದ ಉಪ್ಪು ಅದರಲ್ಲಿತ್ತು. ಐವರು ಕೈಯಿಂದ ಕಲಸಿ ಮಾತಿಲ್ಲದೆ ಉಂಡೆವು. ಇದನ್ನೇ ಹೊರಗೆ ಏಕೆ ಬಡಿಸುವುದಿಲ್ಲವೆಂದು ಕೇಳಿದಾಗ ಹೋಟೆಲಿನ ಯಜಮಾನರು ನಕ್ಕುಬಿಟ್ಟರು. “ಯಾರು ಕೊಳ್ಳುತ್ತಾರೆ? ಮುಳ್ಳಿನ ಮೀನು ಕಂಡರೆ ಎದ್ದು ಹೋಗುತ್ತಾರೆ. ಊರಿನಲ್ಲಿ ಹನ್ನೊಂದು ಮಂದಿ ನನ್ನ ಹಣಕ್ಕೆ ಕಾಯುತ್ತಾರೆ ಸಾಬ್.” ಹಣ ಕೊಡಹೋದರೆ ಅವರು ಮುಟ್ಟಲಿಲ್ಲ. ಮಾರಾಟಕ್ಕಿದ್ದುದು ಹೊರಗಿನ ಊಟ, ಇದಕ್ಕೆ ಬೆಲೆಯಿರಲಿಲ್ಲ.

ಇದು ಸಿಲ್ಹೆಟಿಗಳ ಕಥೆ ಮಾತ್ರವೇ? ನಮ್ಮ ಉಡುಪಿ ಹೋಟೆಲುಗಳನ್ನು ನೆನೆಯಿರಿ. ಕರಾವಳಿಯಿಂದ ಬರಿಗೈಯಲ್ಲಿ ಹೊರಟ ಹುಡುಗರು ಮುಂಬಯಿ, ಮದ್ರಾಸು, ಬೆಂಗಳೂರುಗಳಲ್ಲಿ ಲೋಟ ತೊಳೆದು, ಹಿಟ್ಟು ರುಬ್ಬಿ, ಕಡೆಗೆ ಸ್ವಂತ ಹೋಟೆಲುಗಳನ್ನು ಕಟ್ಟಿದರು. ಬೆಂಗಳೂರಿನ ಎಂ.ಟಿ.ಆರ್. 1924ರಲ್ಲಿ ಆರಂಭವಾಯಿತು, ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಮದ್ರಾಸಿನಲ್ಲಿ 1938ರಲ್ಲಿ. ಅವರು ಲೋಕಕ್ಕೆ ಕೊಟ್ಟ ಇಡ್ಲಿ, ವಡೆ, ಮಸಾಲೆದೋಸೆಗಳು ನಮಗೆ ಅಭಿಮಾನದ ವಸ್ತುಗಳೇ ಸರಿ. ಆದರೆ ಅವರ ತಾಯಂದಿರ ಪತ್ರೊಡೆ, ಹಲಸಿನ ಎಲೆಯ ಕೊಟ್ಟೆಕಡುಬು, ಕುಚ್ಚಲಕ್ಕಿಯ ಗಂಜಿಗಳು ಆ ಹೋಟೆಲುಗಳ ಪಟ್ಟಿಯಲ್ಲಿ ಕಂಡದ್ದು ಅಪರೂಪ. ಹೋಟೆಲಿನ ಊಟ ವ್ಯವಹಾರದ ಭಾಷೆಯಂತೆ. ಅಪರಿಚಿತರೆಲ್ಲರಿಗೂ ಅರ್ಥವಾಗುವ ನಾಲ್ಕು ಮಾತುಗಳನ್ನು ಅದು ಆರಿಸಿಕೊಳ್ಳುತ್ತದೆ. ಉಳಿದ ಮಾತುಗಳನ್ನು ಮನೆ ಕಾಯ್ದುಕೊಳ್ಳಬೇಕು. ಮನೆ ಕಾಯದಿದ್ದರೆ ಅವು ಉಳಿಯುವುದಿಲ್ಲ.

ಕಾಲ ಬದಲಾಗಿದೆ. ಈಸ್ಟ್ ಹ್ಯಾಮ್, ಟೂಟಿಂಗ್, ಹ್ಯಾರೋಗಳಲ್ಲಿ ಈಗ ದೋಸೆಗೆ ಬರವಿಲ್ಲ. ರಾಗಿ ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ, ತಾಜಾ ಕರಿಬೇವೂ ಸಿಗುತ್ತದೆ. ಆ ಪಟ್ಟಣದ ಹೋಟೆಲು ಮುಚ್ಚಿ ಹಲವು ವರ್ಷಗಳಾದವು. ಯಜಮಾನರ ಮಗಳು ಔಷಧಶಾಸ್ತ್ರ ಓದಿದಳು, ಮಗ ಲೆಕ್ಕಪರಿಶೋಧಕನಾದ. ಮಕ್ಕಳು ಬಾಣಲೆಯ ಮುಂದೆ ನಿಲ್ಲಬಾರದೆಂದೇ ಅವರು ಮೂವತ್ತು ವರ್ಷ ಬಾಣಲೆಯ ಮುಂದೆ ನಿಂತಿದ್ದರು. ಅವರ ಮಕ್ಕಳಿಗೆ ಶಾತ್ಕೊರಾದ ರುಚಿ ಗೊತ್ತಿದೆಯೇ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಅದೇ ಪ್ರಶ್ನೆ ನಮ್ಮ ಪಂಕ್ತಿಗೂ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬೇರೆ ಬೇರೆ ಊರುಗಳ ಕನ್ನಡ ಕೂಟಗಳಲ್ಲಿ ಯುಗಾದಿಯ ಊಟವನ್ನೂ ರಾಜ್ಯೋತ್ಸವದ ಊಟವನ್ನೂ ಉಂಡಿದ್ದೇನೆ. ಬೇವು ಬೆಲ್ಲ ತಪ್ಪದೆ ಇರುತ್ತದೆ. ಅದರ ಪಕ್ಕದಲ್ಲಿ ಪನೀರ್ ಬಟರ್ ಮಸಾಲಾ, ಜೀರಾ ರೈಸು, ಗುಲಾಬ್ ಜಾಮೂನುಗಳೂ ಇರುತ್ತವೆ. ಮುನ್ನೂರು ಮಂದಿಗೆ ಅಡುಗೆ ಒದಗಿಸುವ ಕೇಟರಿಂಗಿನವರ ಕಷ್ಟ ನನಗೆ ತಿಳಿಯದ್ದಲ್ಲ. ಬಿಡುವಿಲ್ಲದ ಸ್ವಯಂಸೇವಕರ ಕಷ್ಟವೂ ತಿಳಿದದ್ದೇ. ಆದರೆ ಆ ಸಿಲ್ಹೆಟಿ ಯಜಮಾನರು ತಮ್ಮ ಊಟವನ್ನು ಅಡುಗೆಮನೆಯ ಹಿಂದೆ ಇರಿಸಬೇಕಾಯಿತು, ಏಕೆಂದರೆ ಎದುರಿಗಿದ್ದವರು ಪರರು, ಊರಿನಲ್ಲಿ ಹನ್ನೊಂದು ಹೊಟ್ಟೆಗಳಿದ್ದವು. ನಮ್ಮ ಪಂಕ್ತಿಯಲ್ಲಿ ಕುಳಿತವರು ನಮ್ಮವರೇ. ಇಲ್ಲಿ ಬಸ್ಸಾರನ್ನು ಯಾರಿಂದ ಮರೆಮಾಡಬೇಕು?

ಆದ್ದರಿಂದ ನಮ್ಮ ಕೂಟದ ಮುಂದೆ ಒಂದು ಸಣ್ಣ ಸಲಹೆಯನ್ನಿಡುತ್ತೇನೆ. ಕೇಟರಿಂಗಿನ ಊಟ ಇದ್ದೇ ಇರಲಿ. ಅದರ ಪಕ್ಕದಲ್ಲಿ ಒಂದು ಉದ್ದನೆಯ ಮೇಜನ್ನು ಮನೆಯ ಅಡುಗೆಗೆಂದು ಬಿಡೋಣ. ಪ್ರತಿ ವರ್ಷ ಐದಾರು ಮನೆಗಳವರು ತಮ್ಮ ಸೀಮೆಯ ಒಂದೊಂದು ಪದಾರ್ಥವನ್ನು ಸಣ್ಣ ಪ್ರಮಾಣದಲ್ಲಿ ತರಲಿ. ಧಾರವಾಡದವರ ಎಣ್ಣೆಗಾಯಿ, ಮಲೆನಾಡಿನ ತಂಬುಳಿ, ಕೊಡಗಿನ ಕಡುಬಿಟ್ಟು, ಮಂಗಳೂರಿನ ಪತ್ರೊಡೆ, ನಮ್ಮ ಬಯಲುಸೀಮೆಯ ಮುದ್ದೆ ಬಸ್ಸಾರು. ಪಾತ್ರೆಯ ಮುಂದಿನ ಚೀಟಿಯಲ್ಲಿ ‘ಕರಿ’ ಎಂದು ಬರೆಯದೆ ಅದರದೇ ಹೆಸರನ್ನು ಕನ್ನಡದಲ್ಲಿ ಬರೆಯೋಣ. ಮಕ್ಕಳಿಗೆ ಎಲ್ಲವೂ ರುಚಿಸಬೇಕೆಂದಿಲ್ಲ. ತಂಬುಳಿಯನ್ನು ಮೊದಲ ಬಾರಿ ಬಾಯಿಗಿಟ್ಟ ಮಗು ಮುಖ ಕಿವಿಚಿದರೂ ಚಿಂತೆಯಿಲ್ಲ. ಅದಕ್ಕೆ ತಂಬುಳಿಯೆಂಬ ಹೆಸರು ತಿಳಿದಿದ್ದರೆ ಸಾಕು. ಮುಂದೊಂದು ದಿನ, ಯಾವುದೋ ದೂರದ ಊರಿನಲ್ಲಿ ಹಸಿದಾಗ, ತನಗೆ ಬೇಕಾದುದು ಏನೆಂದು ಕೇಳಲು ಅದಕ್ಕೊಂದು ಪದವಿರುತ್ತದೆ.

ಮುಂದಿನ ಯುಗಾದಿಗೆ ಬಸ್ಸಾರು ತರುವ ಹೊಣೆ ನನ್ನದು. ಉಳಿದ ಪಾತ್ರೆಗಳ ಪಟ್ಟಿಗೆ ಹೆಸರು ಕೊಡುವವರು ಕಾರ್ಯಕಾರಿ ಸಮಿತಿಗೆ ತಿಳಿಸಬೇಕಾಗಿ ವಿನಂತಿ.